ಹೊಟ್ಟೆಯ ಕಾಯಿಲೆಗೆ ಎದೆ ಫೋಟೋ ಯಾಕೆ?

"ರಕ್ತ ಕಾರಿದ್ದು ಹೊಟ್ಟೆಯಿಂದ ಅಲ್ವೇನೋ? ಗಂಟಲಿಂದ ಪೈಪ್ ಬಿಟ್ಟು ಬ್ಯಾಂಡೂ ಹಾಕಿ ಆಯ್ತು. ಮತ್ತೆ ಎದೆ ಫೋಟೋ ಯಾಕೆ?"

ಕೇಳಿದ್ದು ನನ್ನ ಅಕ್ಕ. ಶಿವಮೊಗ್ಗದ ಒಂದು ಆಸ್ಪತ್ರೆಯ ಐಸಿಯು ಬಾಗಿಲು. ಪೋರ್ಟಬಲ್ ಎಕ್ಸ್-ರೇ ಮಷೀನು ತಳ್ಳಿಕೊಂಡು ಒಳಗೆ ಹೊರಟಿದ್ದವನು ನಾನು. ಈ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ದಾಟಿದೆ. ಇದೇ ಪ್ರಶ್ನೆಯನ್ನು ಎಷ್ಟೋ ಮನೆಯವರು ಕೇಳಿದ್ದಾರೆ. "ಡಾಕ್ಟ್ರು ಬರೆದಿದಾರೆ, ತೆಗೀಬೇಕು" ಎಂದು ಹೇಳಿ ಮುಂದೆ ಹೋಗಿಬಿಡುತ್ತಿದ್ದೆ. ಅಕ್ಕನ ಹತ್ತಿರ ಹಾಗೆ ಜಾರಿಕೊಳ್ಳಲು ಆಗಲಿಲ್ಲ. ಒಳಗೆ ಮಲಗಿದ್ದವರು ಭಾವ.

ಭಾವನ ಆ ಫಿಲ್ಮ್ ಮಸುಕಾಗಿ ಬಂತು. ಎಕ್ಸ್-ರೇ ತೆಗೆಯುವಾಗ ಉಸಿರು ಎಳೆದು ಹಿಡಿಯಬೇಕು. ಬೇಕಾಗಿರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು ಅಷ್ಟೆ. "ಎಳ್ಕೊಳ್ಳಿ ಭಾವ, ಹಿಡ್ಕೊಳ್ಳಿ" ಎಂದೆ. ಎಳೆದುಕೊಂಡರು, ತಕ್ಷಣ ಕೆಮ್ಮಿದರು. ಎರಡನೇ ಸಲವೂ ಅದೇ ಕಥೆ. ಮೂರನೆಯದು ಹೇಗೋ ಬಂತು. ಬಲಗಡೆ ಕೆಳಗೆ, ಕಪ್ಪಾಗಿ ಕಾಣಬೇಕಿದ್ದ ಜಾಗದಲ್ಲಿ ಬೆಳ್ಳಗೆ ಮಂಜು ಕವಿದಂತಿತ್ತು.

ನಾನು ವೈದ್ಯನಲ್ಲ. ಫಿಲ್ಮ್ ತೆಗೆಯುವುದು ನನ್ನ ಕೆಲಸ, ಓದಿ ಹೇಳುವುದು ಡಾಕ್ಟರ ಕೆಲಸ. ಆದರೆ ಇಷ್ಟು ವರ್ಷ ಅವರ ಪಕ್ಕ ನಿಂತು ಕೇಳಿದ್ದು, ಆಮೇಲೆ ಭಾವನಿಗೋಸ್ಕರ ಕೂತು ಓದಿದ್ದು, ಎಲ್ಲ ಸೇರಿ ಅಕ್ಕನ ಪ್ರಶ್ನೆಗೆ ಈಗ ಒಂದು ಉತ್ತರವಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರಕ್ತ ಬರುವುದು ಯಾಕೆ ಎಂದು ನೋಡೋಣ. ಹೊಟ್ಟೆ, ಕರುಳು, ಗುಲ್ಮ ಇವುಗಳಿಂದ ಬರುವ ರಕ್ತವೆಲ್ಲ ಪೋರ್ಟಲ್ ಸಿರೆ ಎಂಬ ಒಂದು ದಪ್ಪ ರಕ್ತನಾಳದಲ್ಲಿ ಸೇರಿ ಲಿವರ್‌ಗೆ ಹೋಗುತ್ತದೆ. ಲಿವರ್‌ಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಬರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಈ ದಾರಿಯಲ್ಲೇ. ಲಿವರ್ ಗಟ್ಟಿಯಾಗಿ ಕುಗ್ಗಿದರೆ, ಅಂದರೆ ಸಿರೋಸಿಸ್ ಆದರೆ, ಆ ರಕ್ತಕ್ಕೆ ಒಳಗೆ ದಾರಿ ಸಿಗುವುದಿಲ್ಲ. ಹಿಂದೆ ನಿಲ್ಲುತ್ತದೆ.

ಸಾಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿ ಮುಗಿಸಿದ್ದು 1964ರಲ್ಲಿ. ನೀರು ನಿಂತಿದ್ದು ಬರೀ ಹೊಳೆಯಲ್ಲಿ ಅಲ್ಲ. ಹಿಂದಕ್ಕೆ ಏರಿ, ಹೊಳೆಗೆ ಸೇರುತ್ತಿದ್ದ ಒಂದೊಂದು ಹಳ್ಳ, ಒಂದೊಂದು ಕಣಿವೆಯೊಳಗೂ ನುಗ್ಗಿತು. ಬೇಸಿಗೆಯಲ್ಲಿ ಪಂಚೆ ಎತ್ತಿ ದಾಟುತ್ತಿದ್ದ ಜಾಗಕ್ಕೆ ಲಾಂಚ್ ಬೇಕಾಯಿತು. ಅನ್ನನಾಳದ ಕೆಳತುದಿಯಲ್ಲಿರುವ ರಕ್ತನಾಳಗಳು ಅಂಥ ಸಣ್ಣ ಹಳ್ಳಗಳು. ನೂಲಿನಷ್ಟಿದ್ದವು ಹಿನ್ನೀರು ತುಂಬಿ ಬೆರಳಿನಷ್ಟು ಉಬ್ಬುತ್ತವೆ. ಡಾಕ್ಟರು ಇವಕ್ಕೆ ವೆರಿಸಸ್ ಎನ್ನುತ್ತಾರೆ. ಲಿವರ್‌ನ ಹಿಂದೆ ಮತ್ತು ಮುಂದೆ ಇರುವ ಒತ್ತಡದ ವ್ಯತ್ಯಾಸ ಸಾಮಾನ್ಯವಾಗಿ ಪಾದರಸದ 5 ಮಿಲಿಮೀಟರ್ ಒಳಗಿರುತ್ತದೆ. 10 ದಾಟಿದರೆ ವೆರಿಸಸ್ ಹುಟ್ಟಿಕೊಳ್ಳಬಹುದು. 12 ದಾಟಿದ ಮೇಲೆ ಒಡೆಯುವ ಭಯ. ಒಡೆದರೆ ಬಾಯಲ್ಲಿ ರಕ್ತ, ಅದೂ ಚೊಂಬುಗಟ್ಟಲೆ.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ರಕ್ತ ಕಾರಿದ ಅಂದರೆ ಊರಿನ ಬಾಯಿ "ಕುಡೀತಿದ್ದನೇನೋ" ಎನ್ನುತ್ತದೆ. ಭಾವ ಕೊನೆಕೊಯ್ಲು ಮುಗಿದ ದಿನವೂ ಒಂದು ತೊಟ್ಟು ಮುಟ್ಟಿದವರಲ್ಲ. ಅವರಿಗಿದ್ದದ್ದು ಹೆಪಟೈಟಿಸ್ ಬಿ. ಅದಿದೆ ಎಂದು ಗೊತ್ತಾಗಿದ್ದೇ ರಕ್ತ ಕಾರಿದ ಮೇಲೆ. ಕುಡಿತ ದೊಡ್ಡ ಕಾರಣ, ಇಲ್ಲವೆನ್ನುವುದಿಲ್ಲ. ಆದರೆ ಹೆಪಟೈಟಿಸ್ ಬಿ, ಸಿ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್, ಇವೂ ಇವೆ. ಲಿವರ್ ಚೆನ್ನಾಗಿಯೇ ಇದ್ದು, ಪೋರ್ಟಲ್ ಸಿರೆ ಕಟ್ಟಿಕೊಂಡು ರಕ್ತ ಕಾರುವ ಮಕ್ಕಳೂ ಇದ್ದಾರೆ. ಮಗು ಯಾವ ಅಂಗಡಿಗೆ ಹೋಗಿತ್ತು ಹೇಳಿ?

ಈಗ ಶ್ವಾಸಕೋಶದ ವಿಷಯಕ್ಕೆ ಬರೋಣ. ಅನ್ನನಾಳಕ್ಕೂ ಶ್ವಾಸಕೋಶಕ್ಕೂ ಎರಡು ನಂಟು. ಒಂದು ನೆರೆಮನೆಯ ನಂಟು, ಇನ್ನೊಂದು ಕೆಳದಂಡೆಯ ನಂಟು.

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆ. ಹೆಚ್ಚಿನ ಭಾಗ ಇರುವುದು ಎದೆಗೂಡಿನೊಳಗೇ. ಮೇಲೆ ಶ್ವಾಸನಾಳ ಅದಕ್ಕೆ ಅಂಟಿಕೊಂಡಂತೆ ಮುಂದೆ ಇದೆ. ಎರಡೂ ಪಕ್ಕ ಶ್ವಾಸಕೋಶದ ಪೊರೆ. ಹೊಟ್ಟೆ, ಕರುಳಿಗೆಲ್ಲ ಹೊರಗೊಂದು ಗಟ್ಟಿ ಪೊರೆಯ ಹೊದಿಕೆ ಇರುತ್ತದೆ. ಅನ್ನನಾಳದ ಹೆಚ್ಚಿನ ಭಾಗಕ್ಕೆ ಅದಿಲ್ಲ. ಹಾಗಾಗಿ ಒಳಗೆ ಏನೇ ಉರಿ, ಬಾವು ಆದರೂ ಅದು ಬೇಲಿಯಿಲ್ಲದ ತೋಟದಂತೆ, ಪಕ್ಕಕ್ಕೆ ದಾಟುತ್ತದೆ.

ಕೆಳದಂಡೆಯ ನಂಟು ಅಂದರೆ ರಕ್ತ ಹರಿಯುವ ದಾರಿ. ಅನ್ನನಾಳದ ಉಬ್ಬಿದ ನಾಳಗಳ ರಕ್ತ ಬೆನ್ನುಮೂಳೆಯ ಪಕ್ಕದ ಅಜೈಗಸ್ ಎಂಬ ಸಿರೆ ಸೇರುತ್ತದೆ. ಅಲ್ಲಿಂದ ಹೃದಯದ ಬಲಭಾಗ. ಬಲಭಾಗದಿಂದ ನೇರ ಶ್ವಾಸಕೋಶ. ಲಿವರ್ ಎಂಬ ಜರಡಿ ಈ ದಾರಿಯಲ್ಲಿ ಇಲ್ಲವೇ ಇಲ್ಲ. ಅಂದಮೇಲೆ ಆ ನಾಳದೊಳಗೆ ಚುಚ್ಚಿದ ಔಷಧಿಯಾಗಲಿ, ಅಂಟಾಗಲಿ ಜಾರಿದರೆ ಮೊದಲು ಸಿಕ್ಕಿಹಾಕಿಕೊಳ್ಳುವುದು ಶ್ವಾಸಕೋಶದ ಕೂದಲಿಗಿಂತ ತೆಳುವಾದ ನಾಳಗಳಲ್ಲಿ.

ಈ ಎರಡು ನಂಟು ಮನಸ್ಸಿನಲ್ಲಿದ್ದರೆ, ಯಾವ ಚಿಕಿತ್ಸೆಯಿಂದ ಎದೆಗೆ ಏನಾಗಬಹುದು ಎಂದು ತಾನೇ ಗೊತ್ತಾಗುತ್ತದೆ.

ಹಳೆಯ ವಿಧಾನ ಇಂಜೆಕ್ಷನ್. ಉಬ್ಬಿದ ನಾಳಕ್ಕೆ, ಇಲ್ಲವೇ ಅದರ ಪಕ್ಕಕ್ಕೆ, ಉರಿ ತರುವ ಔಷಧಿ ಚುಚ್ಚುವುದು. ನಾಳ ಒಳಗೆ ಹೆಪ್ಪುಗಟ್ಟಿ ಬತ್ತಿಹೋಗುತ್ತದೆ. ಇದಕ್ಕೆ ಸ್ಕ್ಲೀರೋಥೆರಪಿ ಎಂದು ಹೆಸರು. 1939ರಲ್ಲಿ ಸ್ವೀಡನ್‌ನ ಕ್ರಾಫೂರ್ಡ್ ಮತ್ತು ಫ್ರೆಂಕ್ನರ್ ಎಂಬ ಇಬ್ಬರು ವೈದ್ಯರು ಇದನ್ನು ಮೊದಲು ವರದಿ ಮಾಡಿದರು. ಅವರು ಬಳಸಿದ್ದು ಕ್ವಿನೈನ್. ಮಲೆನಾಡಿನ ಹಳಬರಿಗೆ ಚಳಿಜ್ವರದ ಕಹಿಮಾತ್ರೆಯಾಗಿ ಗೊತ್ತಿದ್ದ ಅದೇ ಕ್ವಿನೈನ್! ಆಮೇಲೆ ಬೇರೆ ಬೇರೆ ಔಷಧಿ ಬಂದವು. ಒಂದನ್ನಂತೂ ಕಾಡ್ ಮೀನಿನ ಎಣ್ಣೆಯಿಂದ ಮಾಡುತ್ತಿದ್ದರು.

ಉರಿ ತರುವುದೇ ಈ ಔಷಧಿಯ ಕೆಲಸ. ಆ ಉರಿ ಅನ್ನನಾಳದ ಗೋಡೆಯಲ್ಲೇ ನಿಲ್ಲುವುದಿಲ್ಲ. ಇಂಜೆಕ್ಷನ್ ಆದ ಒಂದೆರಡು ದಿನ ಎದೆ ನೋವು, ಸಣ್ಣ ಜ್ವರ ಬರುವುದು ಮಾಮೂಲು. ಶ್ವಾಸಕೋಶದ ಸುತ್ತ ಸ್ವಲ್ಪ ನೀರು ಕೂಡಬಹುದು. ಹೆಚ್ಚಿನವರಲ್ಲಿ ಅದು ತಾನಾಗಿಯೇ ಆರುತ್ತದೆ. ಔಷಧಿ ರಕ್ತದ ಜೊತೆ ಹರಿದು ಶ್ವಾಸಕೋಶಕ್ಕೆ ಪೆಟ್ಟು ಕೊಟ್ಟು, ಎರಡೂ ಕಡೆ ನೀರು ತುಂಬಿದಂತಾಗಿ ವೆಂಟಿಲೇಟರ್ ಬೇಕಾದ ಪ್ರಸಂಗಗಳು 1980ರ ದಶಕದಲ್ಲಿ ವರದಿಯಾಗಿವೆ. ಅಪರೂಪ, ಆದರೆ ಆಗಿದ್ದು ನಿಜ.

ಆಮೇಲೆ ಬಂದದ್ದು ಬ್ಯಾಂಡ್. ಅಮೆರಿಕದ ಡೆನ್ವರ್‌ನ ಗ್ರೆಗ್ ಸ್ಟೀಗ್‌ಮನ್ ಎಂಬ ಸರ್ಜನ್ 1980ರ ದಶಕದ ಕೊನೆಯ ಭಾಗದಲ್ಲಿ ರೂಢಿಗೆ ತಂದಿದ್ದು. ಉಪಾಯ ಹೊಸದಲ್ಲ. ಮೂಲವ್ಯಾಧಿಯ ಮೊಳಕೆಗೆ ರಬ್ಬರ್ ಬ್ಯಾಂಡ್ ಬಿಗಿಯುತ್ತಿದ್ದರಲ್ಲ, ಅದನ್ನೇ ಮೇಲಕ್ಕೆ ತಂದರು. ಗಂಟಲಿಂದ ಇಳಿಸಿ ಒಳಗೆ ನೋಡುವ ಎಂಡೋಸ್ಕೋಪಿ ಪೈಪಿನ ತುದಿಗೆ ಒಂದು ಸಣ್ಣ ಟೋಪಿ. ಅದರ ಸುತ್ತ ಆರೇಳು ಪುಟ್ಟ ರಬ್ಬರ್ ಬಳೆಗಳು. ಉಬ್ಬಿದ ನಾಳವನ್ನು ಟೋಪಿಯೊಳಗೆ ಎಳೆದುಕೊಂಡು ಒಂದು ಬಳೆ ಜಾರಿಸಿದರೆ ಮುಗಿಯಿತು, ಕುತ್ತಿಗೆ ಬಿಗಿದ ಚೀಲದ ಹಾಗೆ. ಮಾನಿಟರ್‌ನಲ್ಲಿ ನೋಡಿದರೆ ನೇರಳೆಹಣ್ಣು ಅಂಟಿಸಿಟ್ಟಂತೆ ಕಾಣುತ್ತದೆ. ಒಳಗೆ ಔಷಧಿ ಹೋಗುವುದೇ ಇಲ್ಲ, ಹಾಗಾಗಿ ಜಾರುವುದಕ್ಕೂ ಏನೂ ಇಲ್ಲ.

1992ರಲ್ಲಿ ಸ್ಟೀಗ್‌ಮನ್ ಮತ್ತು ಜೊತೆಗಾರರು 129 ರೋಗಿಗಳ ಮೇಲೆ ಎರಡನ್ನೂ ಹೋಲಿಸಿ ನೋಡಿದ ಅಧ್ಯಯನ ಬಂತು. ಇಂಜೆಕ್ಷನ್ ತೆಗೆದುಕೊಂಡವರಲ್ಲಿ ನೂರಕ್ಕೆ 22 ಮಂದಿಗೆ ಚಿಕಿತ್ಸೆಯಿಂದ ತೊಂದರೆಯಾಗಿತ್ತು. ಬ್ಯಾಂಡ್ ಹಾಕಿದವರಲ್ಲಿ ನೂರಕ್ಕೆ 2. ಇಂಜೆಕ್ಷನ್ ಗುಂಪಿನ ಮುಖ್ಯ ತೊಂದರೆಗಳು ಅನ್ನನಾಳ ಕಿರಿದಾಗುವುದು, ನ್ಯುಮೋನಿಯಾ ಮತ್ತು ಬೇರೆ ಸೋಂಕುಗಳು. ಅಲ್ಲಿಂದ ಗಾಳಿ ಬ್ಯಾಂಡ್ ಕಡೆ ತಿರುಗಿತು. ಈಗ ಇಂಜೆಕ್ಷನ್ ಕೊಡುವುದು ಕಡಿಮೆ. ಬ್ಯಾಂಡಿನ ಟೋಪಿ ಗಂಟಲಲ್ಲಿ ಇಳಿಯದಷ್ಟು ಸಣ್ಣ ಮಕ್ಕಳಿಗೆ ಈಗಲೂ ಬೇಕಾಗುತ್ತದೆ.

ಮೂರನೆಯದು ಅಂಟು. ಉಬ್ಬಿದ ನಾಳ ಅನ್ನನಾಳದಲ್ಲಿರದೆ ಜಠರದ ಮೇಲ್ಭಾಗದಲ್ಲಿದ್ದರೆ ಬ್ಯಾಂಡ್ ಸರಿಯಾಗಿ ಕೂರುವುದಿಲ್ಲ. ಆಗ ಸಯನೋಅಕ್ರಿಲೇಟ್ ಎಂಬ ಅಂಟನ್ನು ನಾಳದೊಳಗೇ ಚುಚ್ಚುತ್ತಾರೆ. ಮುರಿದ ಚಪ್ಪಲಿಗೆ ಹಚ್ಚುವ ಫೆವಿಕ್ವಿಕ್‌ನ ಹತ್ತಿರದ ನೆಂಟ ಇದು. ಜರ್ಮನಿಯ ಹ್ಯಾಂಬರ್ಗ್‌ನ ಸೊಹೇಂದ್ರ ಮತ್ತು ಸಂಗಡಿಗರು 1986ರಲ್ಲಿ ಇದನ್ನು ವರದಿ ಮಾಡಿದರು. ರಕ್ತ ತಾಗಿದ ಕೆಲವೇ ಸೆಕೆಂಡಿನಲ್ಲಿ ಕಲ್ಲಾಗುತ್ತದೆ. ಬೇಗ ಕಲ್ಲಾದರೆ ಸೂಜಿಯಲ್ಲೇ ಕಚ್ಚಿಕೊಳ್ಳುತ್ತದೆ. ತಡವಾದರೆ ಹರಿದು ಹೋಗುತ್ತದೆ, ಎಲ್ಲಿಗೆ ಎಂದು ಆಗಲೇ ಹೇಳಿದೆನಲ್ಲ. ಅದಕ್ಕೇ ಎಷ್ಟು ತೆಳು ಮಾಡಬೇಕು, ಒಂದು ಸಲಕ್ಕೆ ಎಷ್ಟು ಚುಚ್ಚಬೇಕು ಎನ್ನುವುದರಲ್ಲಿ ಡಾಕ್ಟರ ಕೈಚಳಕ ಇದೆ.

ನನ್ನಂಥವರಿಗೆ ಈ ಅಂಟಿನಲ್ಲಿ ಒಂದು ವಿಚಿತ್ರ ಇದೆ. ಅದಕ್ಕೆ ಲಿಪಿಯೊಡಾಲ್ ಎಂಬ ಅಯೋಡಿನ್ ಇರುವ ಎಣ್ಣೆ ಬೆರೆಸುವುದುಂಟು. ಅಂಟು ಕಲ್ಲಾಗುವುದು ಸ್ವಲ್ಪ ನಿಧಾನವಾಗುತ್ತದೆ, ಜೊತೆಗೆ ಎಕ್ಸ್-ರೇಯಲ್ಲಿ ಮೂಳೆಗಿಂತ ಬೆಳ್ಳಗೆ ಕಾಣುತ್ತದೆ. ಚೂರು ಶ್ವಾಸಕೋಶಕ್ಕೆ ಹೋಗಿದ್ದರೆ ಕಪ್ಪು ಬಯಲಲ್ಲಿ ಬಿಳಿ ಗೆರೆ, ಬಿಳಿ ಚುಕ್ಕಿ. ಕೆಲವರಿಗೆ ಏನೂ ಆಗಿರುವುದಿಲ್ಲ, ಬೇರೆ ಯಾವುದಕ್ಕೋ ಸಿಟಿ ಸ್ಕ್ಯಾನ್ ಮಾಡಿದಾಗ ಕಾಣುತ್ತದೆ. ಇನ್ನು ಕೆಲವರಿಗೆ ಚುಚ್ಚಿದ ಸ್ವಲ್ಪ ಹೊತ್ತಿಗೇ ಕೆಮ್ಮು, ಏದುಸಿರು, ಎದೆ ನೋವು. ಬೆರಳಿಗೆ ಹಾಕಿದ ಕ್ಲಿಪ್ಪಿನಲ್ಲಿ ಆಮ್ಲಜನಕದ ಅಂಕಿ ಸರ್ರನೆ ಇಳಿಯುತ್ತದೆ. ಅಂಥವರನ್ನು ಅಲ್ಲೇ ಹಿಡಿದು ನೋಡಿಕೊಳ್ಳಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನೀವು ಕೇಳಬಹುದು. ಭಾವನಿಗೆ ಹಾಕಿದ್ದು ಬ್ಯಾಂಡ್. ಔಷಧಿ ಇಲ್ಲ, ಅಂಟಿಲ್ಲ. ಮತ್ತೆ ಬಲಗಡೆ ಮಂಜು ಎಲ್ಲಿಂದ ಬಂತು?

ಅದು ಬಂದಿದ್ದು ಆಸ್ಪತ್ರೆಗಿಂತ ಮೊದಲೇ. ನಮ್ಮಿಂದಲೇ.

ಜುಲೈ ತಿಂಗಳು. ತೀರ್ಥಹಳ್ಳಿಯಿಂದ ಆಚೆಯ ಊರು. ಮಳೆ ಹಿಡಿದು ನಾಲ್ಕು ದಿನವಾಗಿತ್ತು, ಕರೆಂಟ್ ಇರಲಿಲ್ಲ. ರಾತ್ರಿ ಬಚ್ಚಲುಮನೆಗೆ ಹೋದ ಭಾವ ಅಲ್ಲೇ ಕೂತು ಕಾರಿಕೊಂಡರು. ಅಕ್ಕ ಟಾರ್ಚ್ ಹಿಡಿದು ನೋಡಿದರೆ ಬಚ್ಚಲಕಲ್ಲಿನ ತುಂಬ ರಕ್ತ, ಹೆಪ್ಪುಹೆಪ್ಪಾಗಿ. ಪಕ್ಕದ ಮನೆಯವರ ಜೀಪಿನ ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿಸಿದರು. ತಲೆ ಅಕ್ಕನ ತೊಡೆಯ ಮೇಲೆ. ಬಾಯಿ ಒಣಗಿದೆ ಎಂದರಂತೆ. ಬೆಲ್ಲದ ನೀರು ಕುಡಿಸಿದಳು. ಯಾರಾದರೂ ಮಾಡುವುದೇ ಅದು, ಅಲ್ವಾ? ಅಂಬುಲೆನ್ಸ್ ಸಿಕ್ಕಿದ್ದು ತೀರ್ಥಹಳ್ಳಿಗೆ ಬಂದ ಮೇಲೆ. ದಾರಿಯಲ್ಲಿ ಭಾವ ಇನ್ನೊಂದು ಸಲ ಕಾರಿಕೊಂಡರು, ಮಲಗಿದ್ದ ಹಾಗೇ. ಆಮೇಲೆ ಮಂಡಗದ್ದೆ ದಾಟುವ ತನಕ ಒಂದೇ ಸಮ ಕೆಮ್ಮಿದರು ಎಂದು ಅಕ್ಕನ ಮಗ ಹೇಳಿದ.

ಆ ಕೆಮ್ಮಿನ ಹೊತ್ತಿಗೇ ರಕ್ತ, ಹೊಟ್ಟೆಯ ಹುಳಿನೀರು, ಬೆಲ್ಲದ ನೀರು ಎಲ್ಲ ಶ್ವಾಸನಾಳಕ್ಕೆ ಇಳಿದಿತ್ತು. ಅಂಗಾತ ಮಲಗಿದವರಿಗೆ ಗಂಟಲಲ್ಲಿ ಬಂದದ್ದು ಹೊರಗೆ ಹೋಗಲು ದಾರಿಯಿಲ್ಲ. ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿ ಬಲಗಡೆಯದು ಅಗಲ, ಗಿಡ್ಡ, ಹೆಚ್ಚು ನೇರ. ಬಿದ್ದದ್ದು ಹೆಚ್ಚಾಗಿ ಬಲಕ್ಕೇ ಬೀಳುತ್ತದೆ. ಮಂಜು ಬಲಗಡೆಯೇ ಯಾಕೆ ಎಂಬುದಕ್ಕೆ ಉತ್ತರ ಅಷ್ಟೆ.

ರಕ್ತ ಕಾರುವವರ ಎದೆಗೆ ಇರುವ ದೊಡ್ಡ ಗಂಡಾಂತರ ಇದು. ಬ್ಯಾಂಡು, ಅಂಟು, ಇಂಜೆಕ್ಷನ್ ಯಾವುದೇ ಇರಲಿ, ಇದು ಎಲ್ಲದರ ಜೊತೆಗೂ ಬರಬಹುದು. ಚಿಕಿತ್ಸೆಯ ಹೊತ್ತಿನಲ್ಲೂ ಆಗಬಹುದು. ಹೊಟ್ಟೆ ತುಂಬ ರಕ್ತ ಇರುತ್ತದೆ, ಗಂಟಲಲ್ಲಿ ಪೈಪ್ ಇರುತ್ತದೆ, ನಿದ್ದೆಯ ಮದ್ದು ಕೊಟ್ಟಿದ್ದರೆ ಕೆಮ್ಮುವ ಶಕ್ತಿಯೂ ಕುಗ್ಗಿರುತ್ತದೆ. ಇನ್ನೊಂದು ಸುತ್ತುಬಳಸಿನ ಕಾರಣವೂ ಇದೆ. ಕರುಳಿಗೆ ಇಳಿದ ರಕ್ತ ಅಂದರೆ ಪ್ರೋಟೀನಿನ ರಾಶಿ. ಅದು ಕೊಳೆತು ಅಮೋನಿಯಾ ಹುಟ್ಟುತ್ತದೆ. ಸೋತ ಲಿವರ್‌ಗೆ ಅದನ್ನು ಅರಗಿಸಲು ಆಗುವುದಿಲ್ಲ, ಅದು ಮಿದುಳಿಗೆ ಏರುತ್ತದೆ. ರೋಗಿ ಮಂಕಾಗುತ್ತಾರೆ, ತೊದಲುತ್ತಾರೆ, ಕೈ ಚಾಚಿಸಿದರೆ ಹಕ್ಕಿ ರೆಕ್ಕೆಯ ಹಾಗೆ ಪಟಪಟ ಆಡುತ್ತದೆ. ಮಂಕು ಕವಿದವರಿಗೆ ಗಂಟಲಲ್ಲಿ ಏನು ಇಳಿಯಿತು ಎಂಬ ಎಚ್ಚರವೇ ಇರುವುದಿಲ್ಲ. ಆಸ್ಪತ್ರೆಯಲ್ಲಿ ಲ್ಯಾಕ್ಟುಲೋಸ್ ಎಂಬ ಸಿಹಿ ಸಿರಪ್ ಕೊಟ್ಟು ದಿನಕ್ಕೆ ಎರಡು ಮೂರು ಸಲ ಹೊಟ್ಟೆ ಖಾಲಿ ಮಾಡಿಸುವುದು ಇದಕ್ಕೇ. "ಮೊದಲೇ ಸುಸ್ತು, ಮೇಲೆ ಭೇದಿ ಬೇರೆ" ಎಂದು ಮನೆಯವರು ಕದ್ದು ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬಾರದು.

ಹಾಗಾದರೆ ಎಲ್ಲರಿಗೂ ಮೊದಲೇ ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ದಾರಿ ಮುಚ್ಚಿದರೆ ಆಯಿತಲ್ಲ ಎನ್ನಿಸಬಹುದು. ಹಾಗೂ ಅಲ್ಲ. ಟ್ಯೂಬ್ ಹಾಕಿದ್ದೇ ನ್ಯುಮೋನಿಯಾಗೆ ದಾರಿಯಾಗಬಹುದು. ಈ ಕಾಯಿಲೆಯ ಬಗ್ಗೆ ಜಗತ್ತಿನ ತಜ್ಞರು ಆಗಾಗ ಸೇರಿ ಒಮ್ಮತಕ್ಕೆ ಬರುವ ಸಭೆಗೆ ಇಟಲಿಯ ಬವೇನೊ ಊರಿನ ಹೆಸರಿದೆ. 2022ರಲ್ಲಿ ಪ್ರಕಟವಾದ ಅದರ ಏಳನೇ ಒಮ್ಮತ ಹೇಳುವುದು ಹೀಗೆ: ಎಚ್ಚರ ತಪ್ಪಿದವರಿಗೆ, ಇನ್ನೂ ರಕ್ತ ಕಾರುತ್ತಲೇ ಇರುವವರಿಗೆ ಎಂಡೋಸ್ಕೋಪಿಗೆ ಮುಂಚೆ ಟ್ಯೂಬ್ ಹಾಕಿ, ಕೆಲಸ ಮುಗಿದ ಮೇಲೆ ಆದಷ್ಟು ಬೇಗ ತೆಗೆಯಿರಿ. ಟ್ಯೂಬ್ ನೋಡಿ "ಆಯ್ತು, ಕೈ ಮೀರಿತು" ಎಂದು ಅಳುವವರನ್ನು ಐಸಿಯು ಹೊರಗೆ ಎಷ್ಟೋ ಸಲ ಕಂಡಿದ್ದೇನೆ. ಹಲವು ಸಲ ಅದು ಕಾವಲಿಗೆ ಹಾಕಿದ್ದು ಅಷ್ಟೆ.

ರಕ್ತ ಕೊಡಿಸುವ ವಿಷಯದಲ್ಲೂ ಮನೆಯವರಿಗೂ ಡಾಕ್ಟರಿಗೂ ಜಟಾಪಟಿ ನಡೆಯುತ್ತದೆ. ಅಷ್ಟೊಂದು ರಕ್ತ ಹೋಗಿದೆ, ಊರಿನ ಹುಡುಗರು ಐದಾರು ಜನ ಕೊಡಲು ಬಂದು ನಿಂತಿದ್ದಾರೆ, ಡಾಕ್ಟರು ನೋಡಿದರೆ ಎರಡೇ ಬಾಟಲಿ ಸಾಕು ಎನ್ನುತ್ತಾರೆ. ಜಿಪುಣತನ ಅಲ್ಲ ಅದು. ರಕ್ತ ಜಾಸ್ತಿ ಏರಿಸಿದರೆ ಹಿನ್ನೀರೂ ಏರುತ್ತದೆ, ಬ್ಯಾಂಡ್ ಹಾಕಿದ ಜಾಗ ಮತ್ತೆ ಒಡೆಯಬಹುದು. ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟಕ್ಕೂ ಕಷ್ಟವಾಗಬಹುದು. 2013ರಲ್ಲಿ ಬಾರ್ಸಿಲೋನಾದಿಂದ, ಅನ್ನನಾಳ, ಜಠರದ ಕಡೆಯಿಂದ ಒಂದಲ್ಲ ಒಂದು ಕಾರಣಕ್ಕೆ ರಕ್ತ ಹೋಗುತ್ತಿದ್ದ 921 ರೋಗಿಗಳ ಮೇಲಿನ ಅಧ್ಯಯನ ಬಂತು. ಹಿಮೋಗ್ಲೋಬಿನ್ 7ಕ್ಕಿಂತ ಇಳಿದಾಗ ಮಾತ್ರ ರಕ್ತ ಕೊಟ್ಟ ಗುಂಪಿನಲ್ಲಿ ಆರು ವಾರದ ನಂತರ ನೂರಕ್ಕೆ 95 ಮಂದಿ ಬದುಕಿದ್ದರು. 9ಕ್ಕೆ ಇಳಿದೊಡನೆ ಕೊಟ್ಟ ಗುಂಪಿನಲ್ಲಿ 91. ಕಡಿಮೆ ಕೊಟ್ಟವರೇ ಹೆಚ್ಚು ಉಳಿದರು. ಈಗ 7ರಿಂದ 8ರ ನಡುವೆ ನಿಲ್ಲಿಸುವುದು ರೂಢಿ. ಭಾವನಿಗೂ ಎರಡೇ ಬಾಟಲಿ. ನಾನೇ ಒಳಗೊಳಗೆ ಗೊಣಗಿದ್ದೆ ಅನ್ನಿ.

ರಕ್ತಸ್ರಾವ ನಿಲ್ಲಿಸಲು ಕೊಡುವ ಟರ್ಲಿಪ್ರೆಸ್ಸಿನ್ ಎಂಬ ಇಂಜೆಕ್ಷನ್‌ಗೂ ಶ್ವಾಸಕೋಶದ ಜೊತೆ ಸಣ್ಣ ತಕರಾರಿದೆ. ಕರುಳಿನ ರಕ್ತನಾಳಗಳನ್ನು ಬಿಗಿಸಿ ಒತ್ತಡ ಇಳಿಸುವುದು ಅದರ ಗುಣ. ಮೊದಲೇ ಮೈಯಲ್ಲಿ ನೀರು ಜಾಸ್ತಿ ಇದ್ದವರಿಗೆ ಉಸಿರಾಟದ ತೊಂದರೆ ತರಬಹುದು. ಲಿವರ್ ಜೊತೆ ಕಿಡ್ನಿಯೂ ಕೆಟ್ಟವರಿಗೆ ಕೊಡಲು ಅಮೆರಿಕದಲ್ಲಿ 2022ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಾಗ, ಉಸಿರಾಟದ ಬಗ್ಗೆ ಎಚ್ಚರಿಕೆಯ ಚೌಕಟ್ಟು ಹಾಕಿಯೇ ಕೊಟ್ಟರು. ಹಾಗೆಂದು ಔಷಧಿ ಬೇಡ ಎಂದಲ್ಲ. ಜೀವ ಉಳಿಸುವ ಔಷಧಿ ಅದು. ಸಿಸ್ಟರ್ ಗಂಟೆಗೊಮ್ಮೆ ಬಂದು ಬೆರಳಿನ ಕ್ಲಿಪ್ ನೋಡುವುದರ ಹಿಂದೆ ಇದೂ ಒಂದು ಕಾರಣ.

ಇನ್ನು ಎಕ್ಸ್-ರೇಯಲ್ಲಿ ಕಂಡದ್ದೆಲ್ಲ ಚಿಕಿತ್ಸೆಯಿಂದಲೇ ಬಂದದ್ದು ಎನ್ನುವಂತಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿದ ಲಿವರ್ ರೋಗಿಗಳಲ್ಲಿ ಕೆಲವರಿಗೆ ಆ ನೀರು ಎದೆಗೂ ಏರುತ್ತದೆ. ಹೊಟ್ಟೆಗೂ ಎದೆಗೂ ನಡುವಿನ ವಪೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ಉಸಿರೆಳೆದಾಗಲೆಲ್ಲ ಎದೆ ನೀರನ್ನು ಮೇಲಕ್ಕೆ ಹೀರುತ್ತದೆ. ಹೆಚ್ಚಾಗಿ ಬಲಗಡೆಗೇ. ಹಂಚಿನ ಮನೆ ಮೇಲಿಂದ ಸೋರುವುದು ಗೊತ್ತು, ಇದು ಕೆಳಗಿಂದ ಮೇಲಕ್ಕೆ ಸೋರುವ ಮನೆ. ಇಂಥವರಿಗೆ ಎದೆಗೆ ಟ್ಯೂಬ್ ಹಾಕಿ ಬಿಟ್ಟರೆ ನೀರು ನಿಲ್ಲದೆ ಬರುತ್ತಲೇ ಇರುತ್ತದೆ, ಅದಕ್ಕೇ ಡಾಕ್ಟರು ಹಿಂಜರಿಯುತ್ತಾರೆ. ಚಿಕಿತ್ಸೆಗೆ ಮೊದಲೇ ಒಂದು ಫಿಲ್ಮ್ ತೆಗೆದಿಟ್ಟುಕೊಂಡರೆ ಹಳೆಯದು ಯಾವುದು, ಹೊಸದು ಯಾವುದು ಎಂದು ಹೇಳಲು ಸುಲಭ.

ನಮ್ಮ ಫಿಲ್ಮಿಗೂ ಮಿತಿ ಇದೆ. ನಿಂತು ತೆಗೆಸಿದರೆ ಶ್ವಾಸಕೋಶ ಪಕ್ಕೆಲುಬಿಗೆ ತಾಗುವ ಕೆಳಮೂಲೆ ಕುಡುಗೋಲಿನ ತುದಿಯಷ್ಟು ಚೂಪಾಗಿ ಕಾಣಬೇಕು. ಅದು ಮೊಂಡಾದರೆ ನೀರಿದೆ ಎಂದು ಅರ್ಥ. ಆದರೆ ಮೂಲೆ ಮೊಂಡಾಗಲು ಸುಮಾರು 200 ಮಿಲಿಲೀಟರ್ ಆದರೂ ಬೇಕು. ಅದಕ್ಕಿಂತ ಕಡಿಮೆ ಇದ್ದರೆ ಅಲ್ಟ್ರಾಸೌಂಡೇ ಗತಿ. ಮಲಗಿಸಿ ತೆಗೆದರೆ ನೀರು ಬೆನ್ನ ಹಿಂದೆ ಹರಡಿ ಬರೀ ಮಸುಕು ಕಾಣುತ್ತದೆ. ಇನ್ನೊಂದು ವಿಷಯ. ರಕ್ತ ಶ್ವಾಸಕೋಶಕ್ಕೆ ಇಳಿದ ಕೂಡಲೇ ಫಿಲ್ಮಿನಲ್ಲಿ ಕಾಣಲೇಬೇಕೆಂದಿಲ್ಲ, ಕೆಲವು ಗಂಟೆ ಹಿಡಿಯಬಹುದು. ಮೊದಲ ಫಿಲ್ಮ್ ಚೆನ್ನಾಗಿದೆ ಎಂದು ನಿಶ್ಚಿಂತೆಯಾದವರು ಮಾರನೇ ದಿನ ಮತ್ತೆ ನನ್ನ ಮಷೀನ್ ಬಂದರೆ ಸಿಟ್ಟಾಗುತ್ತಾರೆ. ದುಡ್ಡು ಮಾಡುವುದಕ್ಕೆ ಎಂದು ಮುಖಕ್ಕೇ ಹೇಳಿದವರೂ ಇದ್ದಾರೆ.

ಈ ಚಿಕಿತ್ಸೆಗಳಿಂದ ಅನ್ನನಾಳ ತೂತಾಗುವುದು ತೀರಾ ಅಪರೂಪ. ಆದರೆ ತೂತಾಯಿತೆಂದರೆ ಭಾರಿ ಕಷ್ಟ. ತಡೆಯಲಾಗದ ಎದೆ ನೋವು, ಜ್ವರ, ಏದುಸಿರು ಬರುತ್ತದೆ. ಕುತ್ತಿಗೆಯ ಚರ್ಮದಡಿ ಗಾಳಿ ಸೇರಿ, ಒತ್ತಿದರೆ ಮಂಡಕ್ಕಿ ಚೀಲ ಒತ್ತಿದಂತೆ ಚರಚರ ಎನ್ನುತ್ತದೆ. ವಾರಗಳ ನಂತರ ನೀರು ಕುಡಿದಾಗಲೆಲ್ಲ ಕೆಮ್ಮು ಬರತೊಡಗಿದರೆ ಅದನ್ನೂ ಸುಮ್ನೆ ಬಿಡಬಾರದು. ಹುಣ್ಣು ಕೊರೆದು ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ದಾರಿಯಾದದ್ದು ಅಲ್ಲೊಂದು ಇಲ್ಲೊಂದು ಇದೆ.

ಬ್ಯಾಂಡ್ ಹಾಕಿದ ಮೇಲೆ ಎದೆಯ ನಡುವೆ ಸಣ್ಣ ನೋವು, ನುಂಗುವಾಗ ಏನೋ ತಡೆದಂತೆ ಆಗುವುದು ಒಂದೆರಡು ದಿನ ಸಹಜ. ದಿನದಿನಕ್ಕೆ ಕಡಿಮೆಯಾಗಬೇಕು. ಮೂರನೇ ದಿನ ಹೊಸದಾಗಿ ಜ್ವರ, ಹಳದಿ ಕಫ, ಮಾತಾಡಿದರೆ ದಮ್ಮು, ಮಲಗಿದರೆ ಉಸಿರು ಕಟ್ಟುವುದು ಶುರುವಾದರೆ ಹೇಳಲೇಬೇಕು. ಕೂತರೆ ದಮ್ಮು ಜಾಸ್ತಿ, ಮಲಗಿದರೆ ಆರಾಮ ಎನ್ನುವವರೂ ಇದ್ದಾರೆ. ಕೇಳಲು ತಮಾಷೆ, ಆದರೆ ಲಿವರ್ ಕಾಯಿಲೆಯಿಂದ ಶ್ವಾಸಕೋಶದ ರಕ್ತನಾಳಗಳು ಹಿಗ್ಗಿದವರ ಗುರುತು ಅದು. ಅದನ್ನೂ ಡಾಕ್ಟರ ಕಿವಿಗೆ ಹಾಕಿ.

ರಬ್ಬರ್ ಬಳೆ ಐದರಿಂದ ಹತ್ತು ದಿನದಲ್ಲಿ ತಾನೇ ಉದುರುತ್ತದೆ. ಅಲ್ಲೊಂದು ಹುಣ್ಣು ಉಳಿಯುತ್ತದೆ. ಆ ಹುಣ್ಣೂ ರಕ್ತ ಸುರಿಸಬಹುದು. ಹಾಗಾಗಿ ಅಷ್ಟು ದಿನ ಆರಿದ ಗಂಜಿ, ಮೆತ್ತಗಿನ ಅನ್ನ. ಅಕ್ಕಿರೊಟ್ಟಿಯ ಗರಿಗರಿ ಅಂಚು ಬೇಡ, ಕುದಿಕುದಿ ಕಾಫಿಯೂ ಬೇಡ. ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗುವುದಂತೂ ಬೇಡವೇ ಬೇಡ. ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ ಇದು. ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಉಬ್ಬಿದ ನಾಳ ಪೂರ್ತಿ ಬತ್ತುವ ತನಕ ಹೋಗುತ್ತಿರಬೇಕು. ಜೊತೆಗೆ ಒತ್ತಡ ಇಳಿಸುವ ಪ್ರೊಪ್ರನಲಾಲ್ ಅಥವಾ ಕಾರ್ವೆಡಿಲಾಲ್ ಮಾತ್ರೆ ಬರೆದುಕೊಟ್ಟಿದ್ದರೆ, ಬಿಪಿ ಇಲ್ಲವಲ್ಲ ಎಂದು ಬಿಟ್ಟುಬಿಡಬಾರದು.

ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ದಾರಿಯ ವಿಷಯ ಮೊದಲೇ ಮಾತಾಡಿಟ್ಟುಕೊಳ್ಳಿ. ನಮ್ಮ ಕಡೆಯ ದಾರಿ ಗೊತ್ತಲ್ಲ. ಮಣಿಪಾಲಕ್ಕೆ ಹೋಗಬೇಕೆಂದರೆ ಆಗುಂಬೆ ಘಾಟಿಯ ತಿರುವು ಇಳಿಯಬೇಕು, ಶಿವಮೊಗ್ಗಕ್ಕೆ ಬರಬೇಕೆಂದರೆ ತೀರ್ಥಹಳ್ಳಿಯಿಂದಲೇ ಅರವತ್ತು ಕಿಲೋಮೀಟರ್. ಆಸ್ಪತ್ರೆ ತಲುಪಿ, ರೋಗಿ ಸ್ವಲ್ಪ ಸುಧಾರಿಸಿದ ಮೇಲೆ ಹನ್ನೆರಡು ಗಂಟೆಯೊಳಗೆ ಎಂಡೋಸ್ಕೋಪಿ ಆಗಬೇಕು ಎನ್ನುತ್ತಾರೆ. ತಲುಪುವ ತನಕದ್ದು ನಮ್ಮ ಕೈಯಲ್ಲಿದೆ. ಎಡಮಗ್ಗುಲಿಗೆ ಮಲಗಿಸಿ, ಮುಖ ನೆಲದ ಕಡೆಗೆ ಸ್ವಲ್ಪ ಬಾಗಿರಲಿ. ಬಂದದ್ದು ಹೊರಗೆ ಹೋಗಲಿ. ನೀರು, ಎಳನೀರು, ಬೆಲ್ಲ, ನಿಂಬೆಹಣ್ಣು ಯಾವುದೂ ಬಾಯಿಗೆ ಬೇಡ. ತುಟಿ ಒಣಗಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಸಾಕು. 108ಕ್ಕೆ ಫೋನ್ ಮಾಡಿದಾಗ ಆಕ್ಸಿಜನ್ ಬೇಕು ಎಂದೂ ಹೇಳಿ. ದಾರಿಯಲ್ಲಿ ಕಾರಿದ ಮೇಲೆ ಕೆಮ್ಮಿದ್ದರೆ ಅದನ್ನು ಮರೆಯದೆ ಡಾಕ್ಟರಿಗೆ ತಿಳಿಸಿ. ಮಂಡಗದ್ದೆಯ ಕೆಮ್ಮಿನ ವಿಷಯ ಅಕ್ಕನ ಮಗ ಹೇಳಿದ್ದು ಮಾರನೇ ದಿನ, ಅದೂ ನಾನು ಕೆದಕಿ ಕೇಳಿದ್ದಕ್ಕೆ.

ಭಾವ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ಇಂಥ ರಕ್ತಸ್ರಾವದಲ್ಲಿ ಸೋಂಕು ತಡೆಯಲು ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಹೇಗೂ ಕೊಡುತ್ತಾರೆ. ಇವರಿಗೆ ಎದೆಯ ಮಂಜು ನೋಡಿ ಔಷಧಿ ಬದಲಿಸಿದರು. ಮೂಗಿಗೆ ಆಕ್ಸಿಜನ್ ಐದು ದಿನ. ಅಕ್ಕನಿಗೆ ನಾನು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. "ಇದು ಗಾಳಿ, ಕಪ್ಪು. ಇದು ಇರಬಾರದ್ದು, ಬಿಳಿ." ತುಂಬ ಹೊತ್ತು ನೋಡಿದಳು. "ಬೆಲ್ಲದ ನೀರೇನೋ ಇದು?" ಎಂದಳು. ಏನು ಹೇಳುವುದು? "ಎಲ್ಲ ಸೇರಿದ್ದು ಅಕ್ಕ" ಎಂದೆ.

ದೀಪಾವಳಿ ಆದ ಮೇಲೆ ಮೂರನೇ ಸಲದ ಬ್ಯಾಂಡಿಗೆ ಬಂದರು. ಹಿಂದಿನದಕ್ಕೆ ಹೋಲಿಸಲು ಒಂದು ಫಿಲ್ಮ್ ಬೇಕು ಎಂದು ಡಾಕ್ಟರು ಬರೆದರು. ಈ ಸಲ ಮಷೀನು ತಳ್ಳಿಕೊಂಡು ಹೋಗಬೇಕಾಗಲಿಲ್ಲ, ಭಾವನೇ ನಮ್ಮ ರೂಮಿಗೆ ನಡೆದು ಬಂದರು. ಪ್ಲೇಟಿಗೆ ಎದೆ ಒತ್ತಿ ನಿಂತರು. "ಎಳ್ಕೊಳ್ಳಿ, ಹಿಡ್ಕೊಳ್ಳಿ" ಎಂದು ಗುಂಡಿ ಒತ್ತಿದೆ. ಸ್ಕ್ರೀನಿನಲ್ಲಿ ಬಲಗಡೆಯ ಕೆಳಮೂಲೆ ಚೂಪಾಗಿ, ಕಪ್ಪಗೆ ಮೂಡಿತು. ಅದನ್ನೇ ನೋಡುತ್ತಾ ನಿಂತುಬಿಟ್ಟೆ. ಒಳಗಿಂದ ದನಿ ಬಂತು.

"ಬಿಡ್ಲೇನೋ, ಇನ್ನೂ ಹಿಡ್ಕೊಂಡೇ ಇರ್ಲೋ?"